ನಮ್ಮ ಭಾವ ಲೋಕಸಭೆಗೆ ನಿಲ್ಲುತ್ತಾರಂತೆ! 2014ರ ಬೆಂಗಳೂರು ದಕ್ಷಿಣ ನೆನಪಿರುವವರು ಸ್ವಲ್ಪ ಹೇಳಿ

ಹನುಮಂತನಗರದವನು

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಮನೆಯದು, ಸ್ವಲ್ಪ ಊರಿನದು.

ನಮ್ಮ ಅಕ್ಕನ ಗಂಡ ಪೀಣ್ಯದ ಒಂದು ಮೆಷಿನ್ ಟೂಲ್ ಕಾರ್ಖಾನೆಯಲ್ಲಿ 27 ವರ್ಷ ಇಂಜಿನಿಯರ್ ಆಗಿದ್ದರು. ಹೋದ ವರ್ಷ ವಿಆರ್‌ಎಸ್ ತಗೊಂಡರು. ಮೊದಲ ಆರು ತಿಂಗಳು ತಾರಸಿ ಮೇಲೆ ಟೊಮೆಟೊ ಬೆಳೆದರು. ಈಗ 2029ಕ್ಕೆ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಲ್ಲುತ್ತೇನೆ ಅಂತಿದ್ದಾರೆ. ತಮಾಷೆಗಲ್ಲ. ಎಕ್ಸೆಲ್ ಶೀಟ್ ಕೂಡ ರೆಡಿ ಇದೆ, ಹನ್ನೊಂದು ಟ್ಯಾಬ್. ಅಕ್ಕ ಮಾತ್ರ "ಟೊಮೆಟೊನೇ ವಾಸಿ ಇತ್ತು" ಅಂತಾಳೆ.

ನಾನು ಸುಮ್ನೆ ಇರಲಾರದೆ ಕೇಳಿದೆ: "ಭಾವ, ನಂದನ್ ನಿಲೇಕಣಿ ಅಂಥವರೇ ಇಲ್ಲಿ ಸೋತರಲ್ಲ?" ಅದಕ್ಕೆ ಅವರ ಉತ್ತರ: "ಅವರು ಕಾಂಗ್ರೆಸ್ ಟಿಕೆಟ್‌ನಲ್ಲಿ ನಿಂತರು, ಅದಕ್ಕೆ ಸೋತರು. ಪಕ್ಷದ ಗೊಡವೆ ಇಲ್ಲದೆ ನಿಂತಿದ್ದರೆ ಇಂಜಿನಿಯರ್ ಅಂತ ನೋಡಿ ಜನ ಗೆಲ್ಲಿಸುತ್ತಿದ್ದರು."

ಇದು ನಿಜವಾ? ಆಗ ನಾನು ಪುಣೆಯಲ್ಲಿದ್ದೆ, ಹೆಚ್ಚು ಗೊತ್ತಿಲ್ಲ. ಪಕ್ಷಗಳ ಜಗಳ ಬೇಡ. ಭಾವನಿಗೆ ತೋರಿಸುವಂಥ ಮಾತು ಬೇಕು.

ಫಿಲ್ಟರ್ ಕಾಫಿ

ಮೊದಲು ಟೊಮೆಟೊ ಹೇಗೆ ಬಂತು ಹೇಳಿ. ಆಮೇಲೆ ಲೋಕಸಭೆ.

ಹನುಮಂತನಗರದವನು

ಎಲೆ ಮುದುರು ರೋಗ ಬಂದು ಎಲ್ಲಾ ಹೋಯಿತು ಸರ್. ಅದೇ ಸಮಸ್ಯೆಗೆ ಮೂಲ ಅನ್ನಿಸುತ್ತೆ.

ಬನಶಂಕರಿ ಬಾಲ್ಕನಿ

ಆ ಚುನಾವಣೆಯಲ್ಲಿ ನಾನು ನಿಲೇಕಣಿ ಅವರ ಪರವಾಗಿ ಮನೆಮನೆ ಸುತ್ತಿದ್ದೆ. ಪಕ್ಷದವಳಲ್ಲ. ಕೆಲಸಕ್ಕೆ ಎರಡು ವಾರ ರಜೆ ಹಾಕಿದ್ದೆ. ಹಾಗಾಗಿ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಅವರು ಬೆಂಗಳೂರಲ್ಲೇ ಹುಟ್ಟಿದವರು. ಬಾಂಬೆ ಐಐಟಿಯಲ್ಲಿ ಎಲೆಕ್ಟ್ರಿಕಲ್ ಓದಿ 1978ರಲ್ಲಿ ಹೊರಬಂದರು. ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಕೆಲಸ ಮಾಡಿದರು. 1981ರಲ್ಲಿ ಇನ್ಫೋಸಿಸ್ ಕಟ್ಟಿದ ಏಳು ಜನರಲ್ಲಿ ಒಬ್ಬರು. 2002ರಿಂದ 2007ರವರೆಗೆ ಅದರ ಸಿಇಒ. 2009ರಲ್ಲಿ ಕಂಪನಿ ಬಿಟ್ಟು ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದರು. 2014ರ ಮಾರ್ಚ್‌ನಲ್ಲಿ ಅದನ್ನೂ ಬಿಟ್ಟು ಕಾಂಗ್ರೆಸ್ ಸೇರಿದರು. ಏಪ್ರಿಲ್ 17ಕ್ಕೆ ಮತದಾನ. ಹೆಸರು ಮೊದಲಿನಿಂದ ಓಡಾಡುತ್ತಿತ್ತು ನಿಜ, ಆದರೆ ಪಕ್ಷದ ಮನುಷ್ಯನಾಗಿ ಅವರಿಗೆ ಸಿಕ್ಕಿದ್ದು ಒಂದೂವರೆ ತಿಂಗಳೂ ಇಲ್ಲ. ಎದುರಿಗಿದ್ದ ಬಿಜೆಪಿಯ ಅನಂತಕುಮಾರ್ 1996ರಿಂದ ಸತತ ಐದು ಸಲ ಅಲ್ಲೇ ಗೆದ್ದವರು.

ಮನೆ ಬಾಗಿಲಲ್ಲಿ ಏನಾಗುತ್ತಿತ್ತು ಅಂದರೆ, ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಅದೇ ನಮಗೆ ಮೋಸವಾಯಿತು. ಹೊಸಕೆರೆಹಳ್ಳಿ ಕಡೆ ಒಬ್ಬ ಅಜ್ಜಿ ನೀರು ಮಜ್ಜಿಗೆ ಕೊಟ್ಟು ಕೂರಿಸಿ ಹೇಳಿದರು: "ಒಳ್ಳೆಯವರು ಕಣಮ್ಮಾ, ಓದಿದವರು. ಆದರೆ ಈ ಸಲ ಮೋದಿ ಬರಲಿ ಅಂತ." ಅಷ್ಟೇ. ಒಳ್ಳೆಯವರು ಅನ್ನೋದು ಒಂದು ಖಾನೆ, ಓಟು ಇನ್ನೊಂದು ಖಾನೆ. ಆ ಮಜ್ಜಿಗೆ ಕುಡಿದು ನಾನು ನನ್ನ ಪಟ್ಟಿಯಲ್ಲಿ "ಬೆಂಬಲ ಇದೆ" ಅಂತ ಟಿಕ್ ಹಾಕಿಕೊಂಡು ಬಂದೆ!

ಇನ್ನು ಅಪಾರ್ಟ್‌ಮೆಂಟ್‌ಗಳಲ್ಲಿ ನಮ್ಮಂಥ ಐಟಿಯವರು. ಬಾಗಿಲು ತೆಗೆದ ಕೂಡಲೇ ಸೆಲ್ಫಿ. "ನಂದನ್ ಸರ್‌ಗೆ ಫುಲ್ ಸಪೋರ್ಟ್." ಓಟು ಎಲ್ಲಿದೆ ಅಂದರೆ ಒಬ್ಬರದು ಕಾನ್ಪುರ, ಒಬ್ಬರದು ವಿಜಯವಾಡ, ಒಬ್ಬರದು ಹಳೇ ಬಾಡಿಗೆ ಮನೆ ವಿಳಾಸದಲ್ಲಿ.

ಬೂತ್ ಇಪ್ಪತ್ತು ವರ್ಷ

ಮೇಡಂ ಟಿಕ್ ಹಾಕಿದ ಕಥೆ ಓದಿ ನಗು ಬಂತು. ನಾನು ಆ ಚುನಾವಣೆಯಲ್ಲಿ ಎದುರು ಪಾಳಯದ ಏಜೆಂಟು. ಬಸವನಗುಡಿ ಕಡೆ ಒಂದೇ ಬೂತಿನಲ್ಲಿ ಇಪ್ಪತ್ತು ವರ್ಷ ಕೂತಿದ್ದೇನೆ.

ನಮ್ಮಲ್ಲಿ ಪೇಜ್ ಪ್ರಮುಖ್ ಅಂತ ಇರುತ್ತಾರೆ. ಮತದಾರರ ಪಟ್ಟಿಯ ಒಂದೊಂದು ಹಾಳೆಗೆ ಒಬ್ಬರು. ಆ ಹಾಳೆಯಲ್ಲಿರುವ ಮನೆಗಳಷ್ಟೇ ಅವರ ಜವಾಬ್ದಾರಿ. ಯಾರ ಮಗಳು ಮದುವೆಯಾಗಿ ಹೋದಳು, ಯಾರು ತೀರಿಕೊಂಡರು, ಯಾರಿಗೆ ಮೊಣಕಾಲು ನೋವು, ಬೂತಿಗೆ ಆಟೋ ಬೇಕು, ಎಲ್ಲಾ ಬಾಯಲ್ಲೇ ಇರುತ್ತೆ. ಮಧ್ಯಾಹ್ನ ಮೂರು ಗಂಟೆಗೆ ನಾನು ಪಟ್ಟಿ ನೋಡಿ "ಇನ್ನೂ 41 ಜನ ನಮ್ಮವರು ಬಂದಿಲ್ಲ" ಅಂತ ಫೋನ್ ಮಾಡಿದರೆ ನಾಲ್ಕೂವರೆಗೆ ಮೂವತ್ತು ಜನ ಬಂದಿರುತ್ತಾರೆ. ಇದು ಭಾಷಣದಿಂದ ಆಗಲ್ಲ, ಎಕ್ಸೆಲ್‌ನಿಂದಲೂ ಆಗಲ್ಲ. ಸತ್ಯನಾರಾಯಣ ಪೂಜೆಗೆ ಹೋಗಿದ್ದರೆ ಆಗುತ್ತೆ.

ಹನುಮಂತನಗರದವರೇ, ನಿಮ್ಮ ಭಾವನಿಗೆ ತಮ್ಮ ಬೂತ್ ನಂಬರ್ ಗೊತ್ತಾ? ಸುಮ್ನೆ ಕೇಳಿ ನೋಡಿ.

ಅಂಕಿ ಅಮ್ಮ

ಭಾವನ ವಾದ ಅಳೆಯೋಕೆ ಒಳ್ಳೆ ದಾರಿ ಇದೆ. ಹಿಂದಿನ ಚುನಾವಣೆಯ ಪಕ್ಕ ಇಟ್ಟು ನೋಡಿ.

2009ರಲ್ಲಿ ಇದೇ ಕ್ಷೇತ್ರ, ಇದೇ ಗಡಿ. ಅನಂತಕುಮಾರ್‌ಗೆ 4 ಲಕ್ಷ 38 ಸಾವಿರದ ಹತ್ತಿರ. ಕಾಂಗ್ರೆಸ್‌ನ ಕೃಷ್ಣ ಬೈರೇಗೌಡರಿಗೆ ಸುಮಾರು 4 ಲಕ್ಷ. ಅಂತರ 37 ಸಾವಿರ ಚಿಲ್ಲರೆ.

2014ರಲ್ಲಿ ಅನಂತಕುಮಾರ್‌ಗೆ 6,33,816. ನಿಲೇಕಣಿಗೆ 4,05,241. ಅಂತರ 2,28,575.

ಈಗ ನೋಡಿ. ಎಲ್ಲರೂ "ನಿಲೇಕಣಿ ಹೀನಾಯವಾಗಿ ಸೋತರು" ಅಂತಾರೆ. ಆದರೆ ಕಾಂಗ್ರೆಸ್‌ನ ಓಟು ಕಮ್ಮಿ ಆಗಲೇ ಇಲ್ಲ. ಐದು ಸಾವಿರದಷ್ಟು ಜಾಸ್ತಿಯೇ ಆಯಿತು. ಜಾಸ್ತಿ ಬಿದ್ದ ಓಟೆಲ್ಲಾ, ಹತ್ತಿರಹತ್ತಿರ ಎರಡು ಲಕ್ಷ, ಆ ಕಡೆಗೆ ಹೋಯಿತು.

ಅಂದರೆ ದೇಶಕ್ಕೇ ಗೊತ್ತಿರೋ ಇಂಜಿನಿಯರ್, ಇನ್ಫೋಸಿಸ್, ಆಧಾರ್, ಇವೆಲ್ಲಾ ಸೇರಿ ತಂದಿದ್ದು ಐದು ಸಾವಿರ. ಉಳಿದ ನಾಲ್ಕು ಲಕ್ಷ ಕೈ ಗುರುತಿನದು. ಭಾವ ಹೇಳೋದು ಉಲ್ಟಾ. ಪಕ್ಷ ಅವರನ್ನು ಮುಳುಗಿಸಲಿಲ್ಲ. ಅವರು ನಿಂತಿದ್ದ ನೆಲವೇ ಪಕ್ಷ.

ಬನಶಂಕರಿ ಬಾಲ್ಕನಿ

ಒಂದು ತಕರಾರು. ಮೋದಿ ಅಲೆಯಲ್ಲಿ ಎಷ್ಟೋ ಕಡೆ ಕಾಂಗ್ರೆಸ್‌ನ ಓಟೇ ಕರಗಿಹೋಯಿತು. ಇಲ್ಲಿ ಕರಗಲಿಲ್ಲವಲ್ಲ. ಆ ಉಳಿಸಿಕೊಂಡಿದ್ದರಲ್ಲಿ ಅಭ್ಯರ್ಥಿಯ ಪಾಲೂ ಇರಬಹುದು. ನಮ್ಮ ರಜೆ ಪೂರ್ತಿ ದಂಡ ಅಂತ ಒಪ್ಪಲ್ಲ ನಾನು.

ಅಂಕಿ ಅಮ್ಮ

ಒಪ್ಪಿದೆ. ಐದು ಸಾವಿರ ಅನ್ನೋದು ಒರಟು ಲೆಕ್ಕ. ಆದರೂ ಇನ್ನೊಂದು ನೋಡಿ. ಒಂದು ವರ್ಷ ಹಿಂದೆ, 2013ರ ವಿಧಾನಸಭೆಯಲ್ಲಿ, ಈ ಕ್ಷೇತ್ರದ ಎಂಟು ಸೀಟುಗಳಲ್ಲಿ ನಾಲ್ಕು ಕಾಂಗ್ರೆಸ್‌ಗೆ ಬಂದಿದ್ದವು: ಗೋವಿಂದರಾಜನಗರ, ವಿಜಯನಗರ, ಚಿಕ್ಕಪೇಟೆ, ಬಿಟಿಎಂ. ಬಸವನಗುಡಿ, ಪದ್ಮನಾಭನಗರ, ಜಯನಗರ, ಬೊಮ್ಮನಹಳ್ಳಿ ಬಿಜೆಪಿಗೆ. ಸರಿಸಮ. ಅದೇ ಜನ ಒಂದು ವರ್ಷಕ್ಕೆ ಎರಡು ಲಕ್ಷದ ಅಂತರ ಕೊಟ್ಟರು. ಎಂಎಲ್‌ಎಗೆ ಒಂದು ಲೆಕ್ಕ, ದಿಲ್ಲಿಗೆ ಇನ್ನೊಂದು ಲೆಕ್ಕ.

ಗಾಂಧಿಬಜಾರ್ ಮೂಲೆ

ಸೀಟಿನ ಜಾತಕ ನಾನು ಹೇಳುತ್ತೇನೆ. 1977ರಲ್ಲಿ ಕೆ.ಎಸ್. ಹೆಗ್ಡೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದವರು, 1973ರಲ್ಲಿ ಹಿರಿತನ ಬಿಟ್ಟು ಕಿರಿಯರಿಗೆ ಮುಖ್ಯ ನ್ಯಾಯಮೂರ್ತಿ ಪಟ್ಟ ಕಟ್ಟಿದಾಗ ರಾಜೀನಾಮೆ ಕೊಟ್ಟು ಬಂದವರು. ಇಲ್ಲಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಆಮೇಲೆ 1980ರಲ್ಲಿ ಟಿ.ಆರ್. ಶಾಮಣ್ಣ, 1984ರಲ್ಲಿ ವಿ.ಎಸ್. ಕೃಷ್ಣ ಅಯ್ಯರ್. ಇಂದಿರಾ ಗಾಂಧಿ ಹೋದ ಮೇಲಿನ ಅಲೆಯಲ್ಲೂ ಈ ಸೀಟು ಕಾಂಗ್ರೆಸ್‌ಗೆ ಹೋಗಲಿಲ್ಲ. 1989ರಲ್ಲಿ ಗುಂಡೂರಾವ್ ಗೆದ್ದದ್ದೇ ಆ ಪಕ್ಷದ ಕೊನೆಯ ಗೆಲುವು. 1991ರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಕೆ. ವೆಂಕಟಗಿರಿಗೌಡ, ಬಿಜೆಪಿಯಿಂದ. ಅಲ್ಲಿಂದ ಇಲ್ಲಿವರೆಗೆ ಕಮಲ. 2019ರಲ್ಲಿ ತೇಜಸ್ವಿ ಸೂರ್ಯ 3.31 ಲಕ್ಷದಿಂದ, 2024ರಲ್ಲಿ 2.77 ಲಕ್ಷದಿಂದ.

ನೋಡಿ, ನ್ಯಾಯಮೂರ್ತಿ, ಮೇಷ್ಟ್ರು. ಓದಿದವರನ್ನು ಇಲ್ಲಿಯ ಜನ ಬೇಡ ಅಂದವರಲ್ಲ. ಆದರೆ ಓದಿದವರೂ ಗಾಳಿ ಬೀಸುವ ಕಡೆ ಮುಖ ಮಾಡಿ ನಿಂತಿದ್ದರು.

ಸ್ಯಾನ್ ಹೋಸೆ ಕನ್ನಡಿಗ

ಇಲ್ಲಿಂದ ನೋಡುವವನಿಗೆ ಬೇಜಾರಾಗುವುದು ಏನೆಂದರೆ, ಇಷ್ಟು ಕೆಲಸ ಮಾಡಿದ ಮನುಷ್ಯನನ್ನು ಐಟಿ ರಾಜಧಾನಿಯೇ ಸೋಲಿಸಿತಲ್ಲ! ನಾಚಿಕೆ ಆಗಬೇಕು. ಮೆರಿಟ್‌ಗೆ ಬೆಲೆ ಇಲ್ಲ.

ಬೂತ್ ಇಪ್ಪತ್ತು ವರ್ಷ

ಸರ್, ನಿಮ್ಮ ಓಟು ಯಾವ ಬೂತಿನಲ್ಲಿದೆ?

ಸ್ಯಾನ್ ಹೋಸೆ ಕನ್ನಡಿಗ

ನನಗೆ ಓಟಿಲ್ಲ. ಸಿಟಿಜನ್‌ಶಿಪ್ ಬದಲಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಫಿಲ್ಟರ್ ಕಾಫಿ

ಇದೆ ಸರ್, ಸ್ವಲ್ಪ ಇದೆ.

ಧಾರವಾಡ ಪೇಢೆ

ಯಾರೂ ಹೇಳದ ಒಂದು ಮಾತು ಹೇಳತೀನಿ ನೋಡ್ರಿ. ಬೆಂಗಳೂರಿನವರು ತಮ್ಮ ಜಗಳ ಅನ್ಕೊಂಡಾರ. ಇಬ್ಬರೂ ನಮ್ಮ ನೀರು ಕುಡದವರು. ನಿಲೇಕಣಿಯವರು ಹುಡುಗರಿದ್ದಾಗ ಧಾರವಾಡದಾಗ ಚಿಕ್ಕಪ್ಪನ ಮನೆಯೊಳಗಿದ್ದು ಓದಿದವರು. ಅನಂತಕುಮಾರ್ ಹುಬ್ಬಳ್ಳಿಯಲ್ಲಿ ಕಾಲೇಜು ಮಾಡಿದವರು. ನಡುವೆ ಇಪ್ಪತ್ತು ಕಿಲೋಮೀಟರ್.

ಒಬ್ಬರು ಅಲ್ಲಿಂದ ಐಐಟಿಗೆ ಹೋದರು. ಇನ್ನೊಬ್ಬರು ವಿದ್ಯಾರ್ಥಿ ಪರಿಷತ್ತಿಗೆ ಹೋದರು. ಆ ಪರಿಷತ್ತಿನ ಕಚೇರಿಯಾಗ ಚಾಪೆ ಹಾಸಿ ಮಲಗಿದ ವರ್ಷಗಳಿಗೂ ಒಂದು ಅನುಭವ ಅಂತ ಇರತದಲ್ಲ? ಅದನ್ನ ಮೆರಿಟ್ ಅನ್ನಬಾರದೇನು? ಇಂಜಿನಿಯರ್ ಇಪ್ಪತ್ತು ವರ್ಷ ಕಂಪನಿ ಕಟ್ಟಿದರೆ ಸಾಧನೆ. ಇನ್ನೊಬ್ಬ ಇಪ್ಪತ್ತು ವರ್ಷ ಸಂಘಟನೆ ಕಟ್ಟಿದರೆ ಅದು ಬರೀ ರಾಜಕೀಯ ಅಂತೀರಿ.

ಅಂಕಿ ಅಮ್ಮ

ಇದು ಸರಿಯಾದ ಮಾತು. ಬಾಂಬೆ ಐಐಟಿಯವರೇ ಇನ್ನೊಬ್ಬರು ಇದ್ದರಲ್ಲ, ಗೋವಾದ ಮನೋಹರ್ ಪರಿಕ್ಕರ್. ಮೆಟಲರ್ಜಿ ಓದಿದವರು. ಅವರು ಹುಡುಗರಿದ್ದಾಗಿಂದ ಸಂಘದ ಶಾಖೆಯಲ್ಲಿದ್ದವರು. 1991ರಲ್ಲಿ ಲೋಕಸಭೆಗೆ ನಿಂತು ಸೋತರು. 1994ರಲ್ಲಿ ಎಂಎಲ್‌ಎ ಆದರು. ಐಐಟಿ ಓದಿದ ಮೊದಲ ಮುಖ್ಯಮಂತ್ರಿ ಅಂತ ನಾವು ಹೊಗಳುತ್ತೇವೆ, ಗೋವಾದವರಿಗೆ ಅವರು ಮೊದಲು ಕಾರ್ಯಕರ್ತ.

ಹಾಸನದ ಹುಡುಗ

ಎಲ್ಲರೂ ಐಐಟಿ ಐಐಟಿ ಅಂತೀರಲ್ಲ, ನಮ್ಮ ಹಾಸನದ ಡಿಪ್ಲೊಮಾ ಸಿವಿಲ್ ಇಂಜಿನಿಯರ್ ಒಬ್ಬರು ಪ್ರಧಾನಿಯೇ ಆದರು, ಮರೆತಿರಾ? ದೇವೇಗೌಡರು! ಓದು ಮುಗಿಸಿ ಕಂಟ್ರಾಕ್ಟ್ ಕೆಲಸ ಮಾಡುತ್ತಿದ್ದವರು. 1962ರಲ್ಲಿ ಹೊಳೆನರಸೀಪುರದಿಂದ ಗೆದ್ದಿದ್ದು ಪಕ್ಷೇತರರಾಗಿ. ಭಾವನಿಗೆ ಹೇಳಿ, ಇಂಜಿನಿಯರ್ ಪಕ್ಷೇತರನಾಗಿ ಗೆದ್ದ ಉದಾಹರಣೆ ಇದೆ ಅಂತ.

ಬೂತ್ ಇಪ್ಪತ್ತು ವರ್ಷ

ಪೂರ್ತಿ ಹೇಳಿ ಮಾರಾಯರೇ. ಅವರು ಗೆದ್ದಿದ್ದು ವಿಧಾನಸಭೆ. ಅದಕ್ಕೂ ಮೊದಲು ಸಹಕಾರ ಸಂಘ, ತಾಲ್ಲೂಕು ಬೋರ್ಡು ಎಲ್ಲಾ ಆಗಿತ್ತು. ಲೋಕಸಭೆಗೆ ಕಾಲಿಟ್ಟಿದ್ದು 1991ರಲ್ಲಿ. ಮೊದಲ ಗೆಲುವಿಗೂ ಅದಕ್ಕೂ ನಡುವೆ 29 ವರ್ಷ. ಭಾವನ ಶೀಟಿನಲ್ಲಿ ಅಷ್ಟು ಕಾಲಂ ಇದೆಯಾ?

ಫಿಲ್ಟರ್ ಕಾಫಿ

ಹನ್ನೆರಡನೇ ಟ್ಯಾಬ್ ಮಾಡಬೇಕಾಗುತ್ತೆ.

ವಿಜಯನಗರ ಮೆಟ್ರೋ

ಪಕ್ಷೇತರ ಅಂದಾಗ ಇದೇ ಕ್ಷೇತ್ರದ ಉದಾಹರಣೆ ಯಾರೂ ಹೇಳಲಿಲ್ಲವಲ್ಲ. 2009ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಇಲ್ಲೇ ಪಕ್ಷೇತರರಾಗಿ ನಿಂತಿದ್ದರು. ಇಂಜಿನಿಯರ್ ಅಲ್ಲ, ಸೈನ್ಯದಿಂದ ಬಂದು ಏರ್ ಡೆಕ್ಕನ್ ಕಟ್ಟಿದವರು. ಹಳ್ಳಿಯವರನ್ನೂ ವಿಮಾನ ಹತ್ತಿಸಿದರು ಅಂತ ಮನೆಮನೆಗೂ ಗೊತ್ತಿದ್ದ ಹೆಸರು. ಠೇವಣಿ ಹೋಯಿತು.

ಠೇವಣಿಯ ಲೆಕ್ಕ ಭಾವನಿಗೆ ಗೊತ್ತಿರಲಿ. ಲೋಕಸಭೆಗೆ 25,000 ರೂಪಾಯಿ ಕಟ್ಟಬೇಕು. ಬಿದ್ದ ಓಟಿನಲ್ಲಿ ಆರರಲ್ಲೊಂದು ಪಾಲು ಬರದಿದ್ದರೆ ವಾಪಸ್ ಇಲ್ಲ. 2014ರಲ್ಲಿ ಇಲ್ಲಿ ಸುಮಾರು 11 ಲಕ್ಷ ಓಟು ಬಿತ್ತು. ಅಂದರೆ ಬರೀ ಠೇವಣಿ ಉಳಿಸಿಕೊಳ್ಳೋಕೆ 1 ಲಕ್ಷ 83 ಸಾವಿರಕ್ಕಿಂತ ಜಾಸ್ತಿ ಬೇಕು. ಆ ಸಲ ಜೆಡಿಎಸ್‌ನಿಂದ ರೂತ್ ಮನೋರಮಾ, ಆಮ್ ಆದ್ಮಿಯಿಂದ ನೀನಾ ನಾಯಕ್ ನಿಂತಿದ್ದರು. ಇಬ್ಬರೂ ವರ್ಷಗಟ್ಟಲೆ ಸಮಾಜಸೇವೆ ಮಾಡಿದವರು. ಅವರ ಠೇವಣಿಯೂ ಉಳಿಯಲಿಲ್ಲ.

ಇನ್ನೊಂದು. ಪಕ್ಷೇತರರಿಗೆ ನಾಮಪತ್ರಕ್ಕೆ ಹತ್ತು ಜನ ಸೂಚಕರು ಬೇಕು. ಮಾನ್ಯತೆ ಇರುವ ಪಕ್ಷದವರಿಗೆ ಒಬ್ಬರು ಸಾಕು. ಶುರುವಿನಲ್ಲೇ ಅಷ್ಟು ವ್ಯತ್ಯಾಸ.

ಹನುಮಂತನಗರದವನು

ಸುಮಲತಾ ಮಂಡ್ಯದಲ್ಲಿ ಪಕ್ಷೇತರರಾಗಿಯೇ ಗೆದ್ದರಲ್ಲ ಅಂತ ಭಾವ ಕೇಳುತ್ತಿದ್ದಾರೆ. (ಹೌದು, ಪಕ್ಕದಲ್ಲೇ ಕೂತಿದ್ದಾರೆ. ನೀವು ಬರೆದಿದ್ದನ್ನೆಲ್ಲಾ ಓದಿಸಿಕೊಂಡರು. ಮುಖ ಸ್ವಲ್ಪ ಬಿಗಿ ಇದೆ.)

ವಿಜಯನಗರ ಮೆಟ್ರೋ

2019ರಲ್ಲಿ ಗೆದ್ದರು, ನಿಜ. ಅಂಬರೀಶ್ ಅವರ ಮನೆತನ, ಅವರು ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಬಿಜೆಪಿ ತನ್ನ ಅಭ್ಯರ್ಥಿ ಹಾಕದೆ ಬೆನ್ನಿಗೆ ನಿಂತಿತ್ತು. ಭಾವನಿಗೆ ಇದರಲ್ಲಿ ಯಾವುದಿದೆ?

ಬನಶಂಕರಿ ಬಾಲ್ಕನಿ

ಪಾಪ, ಸ್ವಲ್ಪ ಮೆಲ್ಲಗೆ ಮಾತಾಡಿ. ನಿಂತರೆ ಏನು ತಪ್ಪು? 25 ವರ್ಷ ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಯಾರು ಬೇಕಾದರೂ ನಿಲ್ಲಬಹುದು.

ಡಾ. ಸಿ.ಎನ್. ಮಂಜುನಾಥ್ 2024ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಡಿ.ಕೆ. ಸುರೇಶ್ ಅಂಥವರನ್ನು 2.69 ಲಕ್ಷದಿಂದ ಸೋಲಿಸಿದರಲ್ಲ? ಅದು ಅವರ ಮೊದಲ ಚುನಾವಣೆ.

ಧಾರವಾಡ ಪೇಢೆ

ಜಯದೇವದ ಡಾಕ್ಟರು ಅಂದರೆ ಬ್ಯಾರೆ ಮಾತರಿ. ಎದಿ ನೋವು ಅಂತ ಹೋದವರ ಮನಿ ಎಷ್ಟು ಹಳ್ಳಿಯೊಳಗ ಅದಾವ? ಅವರು ಪ್ರಚಾರಕ್ಕ ಹೋಗೂದಕ್ಕಿಂತ ಮೊದಲೇ ಜನ ಅವರ ಕಡೆ ಬಂದು ಹೋಗ್ಯಾರ. ಮ್ಯಾಲೆ ಬಿಜೆಪಿ ಚಿನ್ಹೆ, ದೇವೇಗೌಡರ ಅಳಿಯ, ಎರಡು ಪಕ್ಷದ ಮೈತ್ರಿ. ಇಂಜಿನಿಯರ್ ಕೆಲಸ ಚಲೋ ಆದರೆ ಅವನ ಹೆಸರೇ ಯಾರಿಗೂ ಗೊತ್ತಾಗೂದಿಲ್ಲ. ಲಿಫ್ಟ್ ನಿಂತಾಗ ಮಾತ್ರ ನೆನಪಾಗತಾನ.

ಪೀಣ್ಯ ಎರಡನೇ ಹಂತ

ಕೊನೆಯ ಸಾಲು ನಮ್ಮ ಇಡೀ ಜೀವನ ಸರ್. ನಾನೂ ಶಾಪ್ ಫ್ಲೋರಿನವನು.

ಭಾವನ ಪರವಾಗಿ ಎರಡು ಮಾತು. ನಮ್ಮವರಿಗೆ ರಾಜಕೀಯ ನೋಡಿದರೆ ಯಾಕೆ ಕೈ ಕಡಿಯುತ್ತೆ ಅಂದರೆ, ಎಲ್ಲವೂ ಕೆಟ್ಟ ಮೆಷಿನ್ ಥರ ಕಾಣುತ್ತೆ. ಬಿಚ್ಚಿ ನೋಡಿದರೆ ಸರಿ ಮಾಡಬಹುದು ಅನ್ನಿಸುತ್ತೆ. ನಿಲೇಕಣಿಯವರೂ ಒಂದು ಸಲ ಹಾಗೆ ಮಾಡಿ ತೋರಿಸಿದ್ದರು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್‌ಗೆ ಅವರೇ ಅಧ್ಯಕ್ಷರು. 2000ದಲ್ಲಿ ಬೆಂಗಳೂರಿಗೆ ಬಂದ ಸ್ವಯಂ ಘೋಷಣೆ ಆಸ್ತಿ ತೆರಿಗೆ ಆ ಕಾಲದ್ದು. ಅದಕ್ಕೆ ಮೊದಲು ಮನೆ ತೆರಿಗೆ ಎಷ್ಟು ಅಂತ ಒಬ್ಬ ಇನ್‌ಸ್ಪೆಕ್ಟರ್ ಬಂದು ಅಂದಾಜು ಹಾಕಬೇಕಿತ್ತು, ಆ ಅಂದಾಜು ಹೇಗೆ ಏರುತ್ತಿತ್ತು, ಹೇಗೆ ಇಳಿಯುತ್ತಿತ್ತು ಅಂತ ನಮ್ಮಪ್ಪನನ್ನು ಕೇಳಬೇಕು. ಆಮೇಲೆ ನಾವೇ ಅಳತೆ ಹಾಕಿ ನಾವೇ ಕಟ್ಟುವಂತಾಯಿತು.

ಆದರೆ ಗಮನಿಸಿ, ಅದು ಮಾಡೋಕೆ ಅವರು ಎಂಪಿ ಆಗಿರಲಿಲ್ಲ. ಆಧಾರ್ ಮಾಡುವಾಗಲೂ ಆಗಿರಲಿಲ್ಲ.

ಅಂಕಿ ಅಮ್ಮ

ಸೋತ ಮೇಲೂ ಆಗಿರಲಿಲ್ಲ! 2014ರ ಪ್ರಚಾರದಲ್ಲಿ ಎದುರಾಳಿಗಳು ಬೈದಿದ್ದೇ ಆಧಾರ್ ಅನ್ನು. ಗೆದ್ದ ಮೇಲೆ ಅದೇ ಪಕ್ಷದ ಸರ್ಕಾರ 2016ರಲ್ಲಿ ಆಧಾರ್ ಕಾಯ್ದೆ ತಂದಿತು. ಮನುಷ್ಯನನ್ನು ಸೋಲಿಸಿ ಅವನ ಕೆಲಸವನ್ನು ಮನೆಗೆ ಕರೆದುಕೊಂಡು ಹೋದರು.

ಮಾಗಡಿ ರಸ್ತೆ

ಆ ಕೆಲಸವನ್ನು ಎಲ್ಲರೂ ಹೊಗಳಬೇಕಿಲ್ಲ. ನಮ್ಮ ಅಜ್ಜಿಯ ಬೆರಳು ಪಾತ್ರೆ ತಿಕ್ಕಿ ತಿಕ್ಕಿ ಸವೆದು ಹೋಗಿತ್ತು. ರೇಷನ್ ಅಂಗಡಿ ಮೆಷಿನ್ ತಗೊಳ್ಳುತ್ತಿರಲಿಲ್ಲ. ಮೂರು ತಿಂಗಳು ಅಕ್ಕಿಗೆ ಅಲೆದಾಡಿದರು. ಇಂಜಿನಿಯರ್ ಲೆಕ್ಕದಲ್ಲಿ ಅದು ನೂರಕ್ಕೆ ಒಂದೆರಡು ಕೇಸು. ಅಜ್ಜಿಗೆ ನೂರಕ್ಕೆ ನೂರು. ಎಂಪಿ ಆಗಬೇಕಾದವನಿಗೆ ಆ ಒಂದೆರಡು ಕೇಸೇ ಮನೆ ಬಾಗಿಲಿಗೆ ಬರೋದು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ಎತ್ತಿಹಿಡಿಯಿತು, ಆದರೆ ಬ್ಯಾಂಕ್ ಖಾತೆಗೆ, ಮೊಬೈಲ್‌ಗೆ ಕಡ್ಡಾಯ ಮಾಡೋದನ್ನು ತೆಗೆದುಹಾಕಿತು. ಅಂದರೆ ಯಾರೋ ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದರು ಅಂತ ಅರ್ಥ.

ಪೀಣ್ಯ ಎರಡನೇ ಹಂತ

ಒಪ್ಪಿದೆ ಸರ್. ಅಳತೆ ಇಷ್ಟು ಹೆಚ್ಚುಕಮ್ಮಿ ಆದರೂ ನಡೆಯುತ್ತೆ ಅನ್ನೋದನ್ನು ಟಾಲರೆನ್ಸ್ ಅಂತ ನಾವು ಡ್ರಾಯಿಂಗ್‌ನಲ್ಲಿ ಬರೆಯುತ್ತೇವೆ. ಮನುಷ್ಯರ ಮೇಲೆ ಅದನ್ನು ಬರೆಯೋಕಾಗಲ್ಲ.

ಗಾಂಧಿಬಜಾರ್ ಮೂಲೆ

ಒಂದು ಮೂಲಭೂತ ಪ್ರಶ್ನೆ. ಭಾವನಿಗೆ ಏನು ಸರಿ ಮಾಡಬೇಕು ಅಂತ? ಎಕ್ಸೆಲ್‌ನ ಮೊದಲ ಟ್ಯಾಬ್‌ನಲ್ಲಿ ಏನಿದೆ?

ಹನುಮಂತನಗರದವನು

ಈಗಷ್ಟೇ ಕೇಳಿದೆ. ಮೊದಲ ಟ್ಯಾಬ್: ನಮ್ಮ ರಸ್ತೆಯ ಗುಂಡಿಗಳು, ಅಳತೆ ಸಮೇತ. ಎರಡನೆಯದು: ಮಳೆನೀರು ಚರಂಡಿ. ಮೂರನೆಯದು: ಕಸದ ಗಾಡಿ ಬರುವ ಹೊತ್ತು, ತಪ್ಪಿದ ದಿನಗಳು.

ಗಾಂಧಿಬಜಾರ್ ಮೂಲೆ

ಸ್ವಾಮಿ! ಇದು ಲೋಕಸಭೆ ಅಲ್ಲ, ಇದು ವಾರ್ಡು. ಎಂಪಿಗೆ ವರ್ಷಕ್ಕೆ ಐದು ಕೋಟಿ ಸಂಸದರ ನಿಧಿ, ಅದನ್ನು ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಗುಂಡಿಗೆ ಒಂದು ಬಾಂಡ್ಲಿ ಜಲ್ಲಿಯೂ ಬರಲ್ಲ. ಅಲ್ಲಿ ಕೆಲಸ ಅಂದರೆ ಮಸೂದೆ, ಪ್ರಶ್ನೆ, ಸ್ಥಾಯಿ ಸಮಿತಿ. ಇಂಜಿನಿಯರ್ ಬುದ್ಧಿ ಅಲ್ಲೂ ಬೇಕು, ಇಲ್ಲ ಅನ್ನಲ್ಲ. ಆದರೆ ಚರಂಡಿಗೆ ದಿಲ್ಲಿಗೆ ಹೋಗಬೇಕಾ?

ಈ ಊರಿನ ನಿಜವಾದ ದುಃಖ ಅದು. ಪಾಲಿಕೆಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ. ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. 2025ರಲ್ಲಿ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿದರು. ಗುಂಡಿ ಅಳೆದವನಿಗೆ ನಿಲ್ಲೋಕೆ ಜಾಗ ಇಲ್ಲದ್ದಕ್ಕೆ ಅವನು ಲೋಕಸಭೆ ಅಂತ ಹೊರಡುತ್ತಾನೆ. ಭಾವನದ್ದು ತಪ್ಪಲ್ಲ, ವಿಳಾಸ ತಪ್ಪು.

ಸ್ಯಾನ್ ಹೋಸೆ ಕನ್ನಡಿಗ

ಇದು ನನಗೂ ಹೊಳೆದಿರಲಿಲ್ಲ. ಹಿಂದೆ ಬರೆದ ನಾಚಿಕೆ ಮಾತು ವಾಪಸ್ ತಗೊಳ್ಳುತ್ತೇನೆ. ಅರ್ಧ.

ಒಂದು ಕೇಳಬೇಕು. ರಾಜೀವ್ ಚಂದ್ರಶೇಖರ್ ಕೂಡ ಇಂಜಿನಿಯರ್ ಅಲ್ವಾ? ಮಣಿಪಾಲದಲ್ಲಿ ಓದಿ ಇಂಟೆಲ್‌ನಲ್ಲಿದ್ದವರು.

ಅಂಕಿ ಅಮ್ಮ

ಹೌದು. ಆಮೇಲೆ ಬಿಪಿಎಲ್ ಮೊಬೈಲ್ ಕಟ್ಟಿದರು. 2006ರಿಂದ 2024ರವರೆಗೆ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದರು. ಜನರ ಓಟಿಗೆ ನಿಂತಿದ್ದು 2024ರಲ್ಲಿ, ತಿರುವನಂತಪುರದಲ್ಲಿ. ಶಶಿ ತರೂರ್ ಎದುರು 16,077ರಿಂದ ಸೋತರು. ಚೆನ್ನಾಗಿ ಹೋರಾಡಿದರು ಅಂತ ಎಲ್ಲರೂ ಅಂದರು. ಆದರೆ 2014ರಲ್ಲಿ ಅಲ್ಲೇ ಬಿಜೆಪಿಯ ಹಳೇ ತಲೆ ಓ. ರಾಜಗೋಪಾಲ್ 15,470ರಿಂದ ಸೋತಿದ್ದರು. ನಡುವೆ 2019ರಲ್ಲಿ ಅಂತರ ಲಕ್ಷದ ಹತ್ತಿರ ಹೋಗಿತ್ತು, ಅದನ್ನು ಇಳಿಸಿದರು ಅನ್ನಿ. ಇಲ್ಲೂ ನೆಲ ಮೊದಲು, ಮನುಷ್ಯ ಆಮೇಲೆ.

ಬೂತ್ ಇಪ್ಪತ್ತು ವರ್ಷ

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಬೂತ್ ನಂಬರ್?

ಹನುಮಂತನಗರದವನು

ಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಭಾವ ಅವತ್ತು ಏನೂ ಮಾತಾಡದೆ ಎದ್ದು ಹೋದರು. ಮಾರನೇ ದಿನ ಬೆಳಗ್ಗೆ ಫೋನ್. ಮತದಾರರ ಪಟ್ಟಿಯಲ್ಲಿ ಹುಡುಕಿದರಂತೆ. ಅವರ ಹೆಸರು ಇನ್ನೂ ರಾಜಾಜಿನಗರದ ಹಳೇ ಮನೆ ವಿಳಾಸದಲ್ಲೇ ಇದೆ. ಹನ್ನೊಂದು ವರ್ಷ ಆಯಿತು ಮನೆ ಬದಲಾಯಿಸಿ. ಅದು ದಕ್ಷಿಣ ಕ್ಷೇತ್ರವೇ ಅಲ್ಲ. ನಿಂತಿದ್ದರೂ ತಮಗೆ ತಾವೇ ಓಟು ಹಾಕೋಕಾಗುತ್ತಿರಲಿಲ್ಲ. ಅಕ್ಕ ಇದನ್ನು ಎರಡು ದಿನದಿಂದ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಾಳೆ.

ನಿನ್ನೆ ವಿಳಾಸ ಬದಲಿಸೋಕೆ ಫಾರಂ 8 ಹಾಕಿದರು. ಬಿಎಲ್‌ಒ, ಅಂದರೆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು, ಪಕ್ಕದ ರಸ್ತೆಯ ಅಂಗನವಾಡಿ ಟೀಚರ್ ಅಂತೆ. ಅವರ ಮನೆ ಹುಡುಕಿಕೊಂಡು ಹೋಗಿ ಮುಕ್ಕಾಲು ಗಂಟೆ ಕೂತು ಬಂದಿದ್ದಾರೆ. ನಮ್ಮ ರಸ್ತೆಯಲ್ಲಿ ಇನ್ನೂ ಹದಿನಾಲ್ಕು ಮನೆಯವರದು ಇದೇ ಕಥೆಯಂತೆ. ಸಂಜೆ ಅವರ ಪಟ್ಟಿ ಹಿಡಿದು ಹೊರಟರು, ಚಪ್ಪಲಿ ಬದಲು ಶೂ ಹಾಕಿಕೊಂಡು.

ಬೂತ್ ಇಪ್ಪತ್ತು ವರ್ಷ

ಹದಿನಾಲ್ಕು ಮನೆ ಅಂದರೆ ಹೆಚ್ಚುಕಮ್ಮಿ ಒಂದೂವರೆ ಹಾಳೆ. ಯಾವ ಪಕ್ಷದವರೂ ಇನ್ನೂ ಅವರನ್ನು ಮಾತಾಡಿಸಿಲ್ಲ ತಾನೆ? ನನ್ನ ನಂಬರ್ ಕೊಡಲಾ?

ಬನಶಂಕರಿ ಬಾಲ್ಕನಿ

ಕೊಡಬೇಡಿ! ಹನುಮಂತನಗರದವರೇ, ಮೊದಲು ನನ್ನದು ತಗೊಳ್ಳಿ.

ಫಿಲ್ಟರ್ ಕಾಫಿ

ಟೊಮೆಟೊ ಬಗ್ಗೆ ಯಾರಾದರೂ ಮಾತಾಡಿ.